ನುಣುಪು ಕಣಕ್ಕೆ ಯಾವ ಡೆವಲಪರ್? ಕಪ್ಪು-ಬಿಳುಪು ರೋಲನ್ನು ಮನೆಯಲ್ಲೇ ತೊಳೆಯುವವರಿಗೆ

ಹಳೇಬೀಡಿನ ಗುಡಿಯ ಹೊರಗೋಡೆಯಲ್ಲಿ ಎದೆಮಟ್ಟದಲ್ಲಿರುವ ಯಾವುದಾದರೂ ವಿಗ್ರಹದ ಕೊರಳಸರವನ್ನು ಹತ್ತಿರ ಹೋಗಿ ನೋಡಿ. ಕೊತ್ತಂಬರಿ ಬೀಜದಷ್ಟಿರುವ ಮಣಿಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ನಿಂತಿರುತ್ತವೆ. ನಾನು 35 ಎಂಎಂ ರೋಲಿನಲ್ಲಿ ಅದನ್ನು ತೆಗೆದು, ಹಾಸನಕ್ಕೆ ಬಂದು ಬಚ್ಚಲುಮನೆಯಲ್ಲಿ ಡೆವಲಪರ್, ಅಂದರೆ ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣ, ಹಾಕಿ ತೊಳೆದು, 8×10 ಇಂಚಿಗೆ ಪ್ರಿಂಟ್ ಮಾಡಿದಾಗ ಸರ ಇರಲಿಲ್ಲ. ಸರ ಇದ್ದ ಜಾಗದಲ್ಲಿ ಯಾರೋ ಬನ್ಸಿ ರವೆ ಚೆಲ್ಲಿದ್ದರು.

ನಮ್ಮ ಬೀದಿಯಲ್ಲಿ ಮೊದಲು ಸ್ಟುಡಿಯೊ ಇಟ್ಟಿದ್ದ ಹಿರಿಯರೊಬ್ಬರಿಗೆ ಆ ನೆಗೆಟಿವ್ ತೋರಿಸಿ, "ಈ ಡೆವಲಪರ್ ಸರಿಯಿಲ್ಲ ಸಾರ್, ಬೇರೆ ಯಾವುದು ತರಿಸಲಿ?" ಅಂದೆ. ಕಿಟಕಿಗೆ ಹಿಡಿದು ನೋಡಿದರು. "ಏನಯ್ಯ ಇದು, ಇಷ್ಟು ಕಪ್ಪಗಿದೆ! ಲೈಟು ಜಾಸ್ತಿ ಕೊಟ್ಟಿದ್ದೀಯ, ಆಮೇಲೆ ಜಾಸ್ತಿ ಹೊತ್ತು ಬೇಯಿಸಿದ್ದೀಯ. ಅನ್ನ ಮುದ್ದೆಯಾಯ್ತು ಅಂತ ಅಕ್ಕಿ ಅಂಗಡಿಯವನ ಜೊತೆ ಜಗಳಕ್ಕೆ ಹೋಗ್ತೀಯೇನು?"

ಅವತ್ತಿನಿಂದ ಇವತ್ತಿನವರೆಗೆ ಏಳೆಂಟು ಡೆವಲಪರ್ ಬಳಸಿದ್ದೇನೆ. ಅವರ ಮಾತನ್ನು ಸುಳ್ಳು ಮಾಡುವಂಥದ್ದು ಒಂದೂ ಸಿಗಲಿಲ್ಲ. ಡೆವಲಪರ್ ಬದಲಿಸಿದರೆ ಕಣ ಬದಲಾಗುತ್ತದೆ, ನಿಜ. ಆದರೆ ಫಿಲ್ಮು, ಎಕ್ಸ್‌ಪೋಶರ್ (ಕ್ಯಾಮೆರಾದಲ್ಲಿ ಕೊಟ್ಟ ಬೆಳಕು) ಮತ್ತು ತೊಳೆಯುವ ಸಮಯ ಮೂರೂ ಹದವಾದ ಮೇಲೆ ಉಳಿಯುವ ಚೂರುಪಾರು ಕೆಲಸ ಮಾತ್ರ ಡೆವಲಪರಿನದು. ಹಾಗಾಗಿ ಈ ಬರಹವೂ ಅದೇ ಕ್ರಮದಲ್ಲಿ ಹೋಗುತ್ತದೆ. ಹೆಸರುಗಳಿಗಾಗಿ ಆತುರಪಡುವವರು ಸ್ವಲ್ಪ ತಡೆದುಕೊಳ್ಳಬೇಕು.

ಕಣ ಅಂತ ನಾವು ನೋಡುವುದು ಏನನ್ನು

ಫಿಲ್ಮಿನ ಜೆಲಟಿನ್ ಪದರದಲ್ಲಿ ಸಿಲ್ವರ್ ಹ್ಯಾಲೈಡ್ ಹರಳುಗಳಿವೆ. ಬೆಳಕು ಬಿದ್ದ ಹರಳನ್ನು ಡೆವಲಪರ್ ಲೋಹದ ಬೆಳ್ಳಿಯಾಗಿಸುತ್ತದೆ. ಬಿಡಿ ಹರಳು ತೀರಾ ಸಣ್ಣದು, ಪ್ರಿಂಟಿನಲ್ಲಿ ಅದು ಕಾಣುವುದಿಲ್ಲ. ನಮ್ಮ ಕಣ್ಣಿಗೆ ಬೀಳುವುದು ಅವು ಒಂದರ ಮೇಲೊಂದು ಕೂತು, ಗುಂಪುಗಟ್ಟಿ ಆದ ಗೊಂಚಲು. ದಪ್ಪ, ಅಂದರೆ ಹೆಚ್ಚು ಕಪ್ಪಾದ ನೆಗೆಟಿವ್‌ನಲ್ಲಿ ಬೆಳ್ಳಿ ಹೆಚ್ಚು, ಗೊಂಚಲೂ ಹೆಚ್ಚು. ಜಾಸ್ತಿ ಹೊತ್ತು ತೊಳೆದರೆ ಕಾಂಟ್ರಾಸ್ಟ್, ಅಂದರೆ ಕಪ್ಪಿಗೂ ಬಿಳುಪಿಗೂ ಇರುವ ಅಂತರ, ಏರುತ್ತದೆ, ಗೊಂಚಲುಗಳ ನಡುವಿನ ಅಂತರ ಎದ್ದು ಕಾಣುತ್ತದೆ. ಇವೆರಡನ್ನು ಬಿಟ್ಟು ಡೆವಲಪರ್ ಡಬ್ಬಿಯ ಮೇಲಿನ "ಫೈನ್ ಗ್ರೇನ್" ಅನ್ನುವ ಅಕ್ಷರ ಓದಿ ಪ್ರಯೋಜನವಿಲ್ಲ.

ಕಣ ಹುಡುಕಬೇಕಾದ ಜಾಗ ಯಾವುದು ಅನ್ನುವುದೂ ಗೊತ್ತಿರಲಿ. ಗಿಡ, ಎಲೆ, ಕೆತ್ತನೆ ಇರುವಲ್ಲಿ ಕಣ ಅಡಗಿಕೊಳ್ಳುತ್ತದೆ. ಬಯಲಾದ ಬೂದುಬಣ್ಣದಲ್ಲಿ, ಅಂದರೆ ಆಕಾಶ, ಸುಣ್ಣದ ಗೋಡೆ, ಕೆನ್ನೆ, ಮುಳ್ಳಯ್ಯನಗಿರಿಯ ಮಂಜಿನಲ್ಲಿ ಅದು ಸಿಕ್ಕಿಬೀಳುತ್ತದೆ. ಎರಡು ಡೆವಲಪರ್ ಹೋಲಿಸುವಾಗ ಚೌಕಟ್ಟಿನಲ್ಲಿ ಒಂದಿಷ್ಟು ಆಕಾಶ ಬಿಟ್ಟುಕೊಳ್ಳುವುದು ಇದಕ್ಕೇ.

ಮೊದಲ ಹೆಜ್ಜೆ: ಫಿಲ್ಮು

ಐಎಸ್‌ಒ ಅಂಕಿ ಫಿಲ್ಮಿನ ವೇಗ, ಅಂದರೆ ಎಷ್ಟು ಕಮ್ಮಿ ಬೆಳಕಿಗೆ ಅದು ಸ್ಪಂದಿಸುತ್ತದೆ ಅನ್ನುವ ಅಳತೆ. ಐಎಸ್‌ಒ 400ರ ಫಿಲ್ಮನ್ನು ಯಾವ ಡೆವಲಪರಿನಲ್ಲಿ ಅದ್ದಿದರೂ ಅದು 50ರ ಫಿಲ್ಮ್ ಆಗುವುದಿಲ್ಲ. ನುಣುಪೇ ಮುಖ್ಯವಾದರೆ ಇಲ್ಫೋರ್ಡ್ ಪ್ಯಾನ್ ಎಫ್ ಪ್ಲಸ್ 50, ಡೆಲ್ಟಾ 100, ಕೊಡಾಕ್ ಟಿ-ಮ್ಯಾಕ್ಸ್ 100 ಇವುಗಳಲ್ಲಿ ಒಂದನ್ನು ಹಿಡಿಯಿರಿ. ಟಿ-ಮ್ಯಾಕ್ಸ್ 1986ರಲ್ಲಿ ಬಂದದ್ದು. ಅದರಲ್ಲೂ ಡೆಲ್ಟಾದಲ್ಲೂ ಹರಳುಗಳು ಚಪ್ಪಟೆ, ತಟ್ಟೆಯ ಹಾಗೆ. ಅಷ್ಟೇ ಬೆಳ್ಳಿಯಲ್ಲಿ ಹೆಚ್ಚು ಬೆಳಕು ಹಿಡಿಯುತ್ತವೆ, ಹಾಗಾಗಿ 100ರ ವೇಗದಲ್ಲೂ ಕಣ ಚಿರೋಟಿ ರವೆಯಷ್ಟು ನಯ. ಆದರೆ ಸಮಯ, ಬಿಸಿ ಸ್ವಲ್ಪ ಹೆಚ್ಚುಕಮ್ಮಿಯಾದರೂ ಇವು ಕ್ಷಮಿಸುವುದಿಲ್ಲ. ಎಫ್‌ಪಿ4 ಪ್ಲಸ್ ಹಳೆ ಜಾತಿಯ ಫಿಲ್ಮು, ಕಣ ಒಂದು ಎಳೆ ದಪ್ಪ, ಸ್ವಭಾವ ಮಾತ್ರ ತುಂಬಾ ಸೌಮ್ಯ. ಹೊಸಬರಿಗೆ ನಾನು ಕೊಡುವುದು ಅದನ್ನೇ.

ಆಡಾಕ್ಸ್ ಸಿಎಂಎಸ್ 20 ಅನ್ನುವ ಫಿಲ್ಮಿನ ಬಗ್ಗೆ ಕೇಳಿರುತ್ತೀರಿ. ಕಣ ಹುಡುಕಿದರೂ ಸಿಗದು. ಆದರೆ ಅದು ಮೈಕ್ರೊಫಿಲ್ಮಿನ ವಂಶದ್ದು. ಅದಕ್ಕೆಂದೇ ಮಾಡಿದ ಡೆವಲಪರ್ ಬಿಟ್ಟು ಬೇರೆಯದರಲ್ಲಿ ಹಾಕಿದರೆ ಕಪ್ಪು ಬಿಟ್ಟರೆ ಬಿಳುಪು, ನಡುವೆ ಏನೂ ಇರುವುದಿಲ್ಲ.

ಇನ್ನೊಂದು ದಾರಿ ಹಣದ್ದು, ಆದರೆ ಖಚಿತವಾದದ್ದು. 35 ಎಂಎಂ ಚೌಕಟ್ಟು 24×36 ಮಿಲಿಮೀಟರ್, 120 ರೋಲಿನ 6×6 ಚೌಕಟ್ಟು ಸುಮಾರು 56×56. 8 ಇಂಚು ಅಗಲದ ಪ್ರಿಂಟಿಗೆ ಮೊದಲನೆಯದನ್ನು ಎಂಟೂವರೆ ಪಟ್ಟು ಹಿಗ್ಗಿಸಬೇಕು, ಎರಡನೆಯದನ್ನು ಮೂರೂವರೆ ಪಟ್ಟು ಚಿಲ್ಲರೆ. ಅಜ್ಜನ ಕಾಲದ ಡಬ್ಬಿ ಕ್ಯಾಮೆರಾ ಅಟ್ಟದ ಮೇಲಿದ್ದರೆ ಇಳಿಸಿ ನೋಡಿ. ದುಬಾರಿ ಡೆವಲಪರ್ ಮಾಡದ ಕೆಲಸವನ್ನು ಅದು ಮಾಡುತ್ತದೆ.

ಎರಡನೆಯದು: ಏನನ್ನು ಬಿಟ್ಟುಕೊಡಲು ತಯಾರಿದ್ದೀರಿ

ಬೇಲೂರು, ಹಳೇಬೀಡುಗಳದ್ದು ಬಳಪದ ಕಲ್ಲು. ಶ್ರವಣಬೆಳಗೊಳದ ಗೊಮ್ಮಟ ಕಣಶಿಲೆ. ಮೊದಲನೆಯದರಲ್ಲಿ ಬಳೆಯ ಮೇಲಿನ ಗೀರನ್ನೂ ಕೆತ್ತಬಹುದು, ಎರಡನೆಯದರಲ್ಲಿ ದೊಡ್ಡ ಮೈ, ದೊಡ್ಡ ಗೆರೆ. ಡೆವಲಪರ್‌ಗಳಲ್ಲೂ ಇಂಥ ಭೇದವಿದೆ, ಆದರೆ ಅಲ್ಲಿ ಮೂರು ಹಗ್ಗಗಳ ಎಳೆದಾಟ: ನುಣುಪು, ಅಂಚಿನ ಚೂಪು, ಫಿಲ್ಮಿನ ವೇಗ. ಮೂರನ್ನೂ ಪೂರ್ತಿ ಕೊಡುವ ಡೆವಲಪರ್ ಇಲ್ಲ.

ಕಾರಣ ಸೋಡಿಯಂ ಸಲ್ಫೈಟ್. ಲೀಟರಿಗೆ 100 ಗ್ರಾಂನಂತೆ ಇದು ಬಿದ್ದಾಗ ಡೆವಲಪರ್ ಬೇಗ ಹಾಳಾಗದಂತೆ ಕಾಯುವುದರ ಜೊತೆಗೆ ಹರಳುಗಳ ಅಂಚನ್ನು ತುಸು ಕರಗಿಸುತ್ತದೆ, ಕರಗಿದ ಬೆಳ್ಳಿ ಅಕ್ಕಪಕ್ಕದಲ್ಲೇ ಮತ್ತೆ ಕೂರುತ್ತದೆ. ಗೊಂಚಲು ನಯವಾಗುತ್ತದೆ. ಜೊತೆಗೆ ಅಂಚೂ ಮೊಂಡಾಗುತ್ತದೆ. ಕರಗಿಸುವ ಗುಣ ಇನ್ನೂ ಹೆಚ್ಚಿದ್ದರೆ ನೆರಳಿನ ನವಿರು ವಿವರಗಳೂ ಹೋಗುತ್ತವೆ, ಅಂದರೆ ವೇಗ ಬೀಳುತ್ತದೆ. ಅದೇ ಡೆವಲಪರಿಗೆ ನೀರು ಬೆರೆಸಿ ತೆಳು ಮಾಡಿದರೆ ಸಲ್ಫೈಟ್ ಕಮ್ಮಿಯಾಗಿ ಅಂಚು ಚೂಪಾಗುತ್ತದೆ, ಕಣ ಒಂದಿಷ್ಟು ತಲೆ ಎತ್ತುತ್ತದೆ. ಇದಿಷ್ಟು ತಲೆಯಲ್ಲಿದ್ದರೆ ಯಾವ ಡಬ್ಬಿಯ ಹಿಂದಿನ ಬರಹ ಓದಿದರೂ ಆ ಡೆವಲಪರ್ ಎತ್ತ ವಾಲುತ್ತದೆ ಅಂತ ಊಹಿಸಬಹುದು.

ನನ್ನ ಅನುಭವದಲ್ಲಿ ಹೊಸಬರು ನುಣುಪು ಕೇಳುತ್ತಾರೆ, ಆದರೆ ಅವರಿಗೆ ನಿಜವಾಗಿ ಬೇಕಾಗಿರುವುದು ಚೂಪು. ಕೆತ್ತನೆಯ ಫೋಟೊದಲ್ಲಂತೂ ತುಸು ಕಣವಿದ್ದು ಅಂಚು ನಿಂತಿರುವ ನೆಗೆಟಿವ್, ಬೆಣ್ಣೆಯಂತೆ ಜಾರುವ ನೆಗೆಟಿವ್‌ಗಿಂತ ಎಷ್ಟೋ ಮೇಲು.

ಮೂರನೆಯದು: ಡೆವಲಪರ್‌ಗಳನ್ನು ಒಂದೊಂದಾಗಿ

ಡಿ-76. ಕೊಡಾಕ್‌ನವರದು, 1927ರದ್ದು. ಇಲ್ಫೋರ್ಡಿನ ಐಡಿ-11 ಕೆಲಸದಲ್ಲಿ ಇದರ ಅವಳಿ. ಲೀಟರಿಗೆ ಮೆಟಾಲ್ 2 ಗ್ರಾಂ, ಸಲ್ಫೈಟ್ 100, ಹೈಡ್ರೊಕ್ವಿನೋನ್ 5, ಬೊರಾಕ್ಸ್ 2. ನೂರು ವರ್ಷ ಆಗುತ್ತಾ ಬಂದರೂ ಉಳಿದವನ್ನು ಅಳೆಯುವ ಗಜಕಡ್ಡಿ ಇದೇ. ಹಾಗೇ ಬಳಸಿದರೆ ನುಣುಪು, 1+1 ಅಂದರೆ ಅಷ್ಟಕ್ಕೆ ಅಷ್ಟು ನೀರು ಬೆರೆಸಿದರೆ ಚೂಪಿಗೂ ನುಣುಪಿಗೂ ನಡುವಿನ ಹದ. ಐಡಿ-11ರಲ್ಲಿ 20 ಡಿಗ್ರಿಗೆ ಎಫ್‌ಪಿ4 ಪ್ಲಸ್ ಹಾಗೇ ಆದರೆ 8.5 ನಿಮಿಷ, 1+1ರಲ್ಲಿ 11 ನಿಮಿಷ. 400ರ ಫಿಲ್ಮಾದ ಎಚ್‌ಪಿ5 ಪ್ಲಸ್ ಹಾಗೇ 7.5, 1+1ರಲ್ಲಿ 13. ಒಮ್ಮೆ ತೆಳು ಮಾಡಿದ್ದನ್ನು ಬಳಸಿ ಚೆಲ್ಲಬೇಕು, ವಾಪಸ್ ಬಾಟಲಿಗೆ ಸುರಿಯಬಾರದು. ಮನೆಯಲ್ಲೇ ಬೆರೆಸಿದ ಡಿ-76 ವಾರಗಳು ಕಳೆದಂತೆ ನಿಧಾನವಾಗಿ ಜೋರಾಗುತ್ತದೆ ಅನ್ನುವುದನ್ನು ಮರೆಯಬೇಡಿ. ಮೊದಲ ವಾರದ ರೋಲಿಗೂ ಎರಡನೇ ತಿಂಗಳ ರೋಲಿಗೂ ವ್ಯತ್ಯಾಸ ಕಂಡರೆ ಕ್ಯಾಮೆರಾವನ್ನು ದೂರಬೇಡಿ.

ಡಿ-23. ನನ್ನ ಪ್ರೀತಿಯದು. ಎರಡೇ ಪದಾರ್ಥ: ಮೆಟಾಲ್ 7.5 ಗ್ರಾಂ, ಸಲ್ಫೈಟ್ 100 ಗ್ರಾಂ, ಒಂದು ಲೀಟರ್ ಆಗುವಷ್ಟು ನೀರು. ಕಾಲೇಜು ಲ್ಯಾಬುಗಳಿಗೆ ಕೆಮಿಕಲ್ ಕೊಡುವವರ ಹತ್ತಿರ ಎರಡನ್ನೂ ತರಿಸಬಹುದು. ಜೊತೆಗೆ ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಬೇಕು. ಕೈ ಸುಡುವಷ್ಟು ಅಲ್ಲ, 50 ಡಿಗ್ರಿ ಆಸುಪಾಸಿನ ಬಿಸಿಯ 750 ಎಂಎಲ್ ನೀರು ತಗೊಳ್ಳಿ. ಚಿಟಿಕೆ ಸಲ್ಫೈಟ್ ಮೊದಲು, ಆಮೇಲೆ ಮೆಟಾಲ್ ಪೂರ್ತಿ, ಅದು ಕರಗಿ ನೀರು ತಿಳಿಯಾದ ಮೇಲೆ ಉಳಿದ ಸಲ್ಫೈಟ್. ಕೊನೆಗೆ ತಣ್ಣೀರು ಸೇರಿಸಿ ಲೀಟರ್ ಮಾಡಿ. ಕ್ರಮ ತಪ್ಪಬಾರದು. ನಾನೊಮ್ಮೆ ಮಾತಾಡುತ್ತಾ ಸಲ್ಫೈಟನ್ನೆಲ್ಲ ಮೊದಲು ಸುರಿದುಬಿಟ್ಟೆ. ಮೆಟಾಲ್ ತಳದಲ್ಲಿ ಕರಗದೆ ಕೂತಿತು, ಮುಕ್ಕಾಲು ಗಂಟೆ ಕಲಕಿದರೂ ಅಲ್ಲಾಡಲಿಲ್ಲ. ಡಿ-23ರ ಕಾಂಟ್ರಾಸ್ಟ್ ಮೃದು, ಹಾಗಾಗಿ ಬಿಸಿಲಿನ ದೃಶ್ಯಗಳಿಗೆ ಹೇಳಿಮಾಡಿಸಿದ್ದು. ಸಮಯಕ್ಕೆ ಡಿ-76ರ ಅಂಕಿಯಿಂದ ಶುರುಮಾಡಿ, ನಿಮ್ಮ ಪರೀಕ್ಷೆ ಹೇಳಿದಂತೆ ಸರಿಪಡಿಸಿಕೊಳ್ಳಿ. ಇದಕ್ಕೇ ಲೀಟರಿಗೆ 15 ಗ್ರಾಂ ಸೋಡಿಯಂ ಬೈಸಲ್ಫೈಟ್ ಸೇರಿಸಿದರೆ ಡಿ-25. ಕಣ ಇನ್ನೂ ನಯ, ಆದರೆ ಕಾಯಬೇಕಾದ ಹೊತ್ತೂ ಉದ್ದ. ಮೆಟಾಲ್ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ಬೆರಳ ಸಂದಿಯಲ್ಲಿ ತುರಿಕೆ ಏಳುತ್ತದೆ. ಗ್ಲೌಸ್ ಹಾಕಿಕೊಳ್ಳಿ. ಅಡುಗೆಮನೆಯ ಚಮಚ, ಲೋಟ ಈ ಕಡೆ ಬರಲೇಬಾರದು.

ಪರ್ಸೆಪ್ಟಾಲ್. ಇಲ್ಫೋರ್ಡಿನ ಈ ಪುಡಿಯಲ್ಲಿ ಸಲ್ಫೈಟಿನ ಜೊತೆಗೆ ಅಡುಗೆ ಉಪ್ಪಿನ ಸೋಡಿಯಂ ಕ್ಲೋರೈಡೂ ಇದೆ, ಹರಳು ಕರಗಿಸುವ ಕೆಲಸಕ್ಕೆ. ಅಂಗಡಿಯಲ್ಲಿ ಸಿಗುವ ಪುಡಿಗಳಲ್ಲಿ ಕಣ ಅತ್ಯಂತ ಕಮ್ಮಿ ಕಾಣುವುದು ಇದರಲ್ಲೇ. ಬೆಲೆ ತೆರಬೇಕಾದದ್ದು ವೇಗದಲ್ಲಿ: ಅರ್ಧದಿಂದ ಒಂದು ಸ್ಟಾಪು (ಒಂದು ಸ್ಟಾಪು ಅಂದರೆ ಎರಡರಷ್ಟು ಬೆಳಕು). 100ರ ಫಿಲ್ಮನ್ನು 50 ಅಂತ ಭಾವಿಸಿ ಬೆಳಕಿನ ಮೀಟರ್ ಇಟ್ಟುಕೊಳ್ಳಬೇಕು.

ಇದು ಎಲ್ಲಿ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನುವುದು ಬೇಲೂರಿನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಹೊರಗೋಡೆಯ ಮೇಲೆ ಬೆಳಗಿನ ಎಂಟು ಗಂಟೆಯ ಓರೆ ಬಿಸಿಲು ಇರುವಾಗ 50ರ ವೇಗ ಧಾರಾಳ ಸಾಕು. ಒಳಗೆ ನವರಂಗದ ಕಂಬಗಳ ನಡುವೆ ಕಣ್ಣಿಗೇ ಎರಡು ನಿಮಿಷ ಬೇಕು ಹೊಂದಿಕೊಳ್ಳಲು. ಪುರಾತತ್ವ ಇಲಾಖೆಯ ಗುಡಿಗಳಲ್ಲಿ ಅನುಮತಿಯಿಲ್ಲದೆ ಟ್ರೈಪಾಡ್ ನಿಲ್ಲಿಸುವಂತಿಲ್ಲ. 400ರ ಫಿಲ್ಮ್, ಕೈಯಲ್ಲೇ ಕ್ಯಾಮೆರಾ, ಉಸಿರು ಬಿಗಿಹಿಡಿದು ಮೂವತ್ತನೇ ಒಂದು ಸೆಕೆಂಡು. ಅಲ್ಲಿ ಒಂದು ಸ್ಟಾಪು ಕಿತ್ತುಕೊಳ್ಳುವ ಡೆವಲಪರ್ ತಗೊಂಡು ಏನು ಮಾಡುವುದು? ಕಣ ಉಳಿಸಲು ಹೋಗಿ ನೆರಳನ್ನೇ ಕಳೆದುಕೊಂಡ ರೋಲುಗಳು ನನ್ನ ಹತ್ತಿರ ಎರಡಿವೆ. ಒಳಗಿನ ಫೋಟೊಗಳಿಗೆ ಡಿ-76 1+1 ಅಥವಾ ಮುಂದೆ ಹೇಳುವ ಎಕ್ಸ್‌ಟಾಲ್.

ಎಕ್ಸ್‌ಟಾಲ್. 1996ರಲ್ಲಿ ಬಂತು. ವಿಟಮಿನ್ ಸಿ ಜಾತಿಯ ಆಸ್ಕಾರ್ಬೇಟ್ ಇದರ ಜೀವ. ನುಣುಪು, ಚೂಪು, ವೇಗ ಈ ಮೂರರಲ್ಲಿ ಎಲ್ಲದಕ್ಕೂ ಒಂದಿಷ್ಟು ಒಳ್ಳೆಯ ಅಂಕ ತೆಗೆಯುವುದು ಇದೊಂದೇ. ಕೋಣೆಯ ಬಿಸಿಯ ನೀರಿನಲ್ಲೇ ಕರಗುತ್ತದೆ. ತೊಂದರೆ ಎರಡು. ಒಂದು, ಪ್ಯಾಕೆಟ್ಟು 5 ಲೀಟರಿನದು, ತಿಂಗಳಿಗೆ ಒಂದು ರೋಲು ತೊಳೆಯುವವರಿಗೆ ಅದು ಮದುವೆಮನೆಯ ಹುಳಿ. ಎರಡು, ಇಂಥ ಡೆವಲಪರ್ ಸಾಯುವಾಗ ಬಣ್ಣ ಬದಲಿಸುವುದಿಲ್ಲ, ಅದರ ಕಥೆ ಕೆಳಗಿದೆ. ಒಂದು ರೋಲಿಗೆ ಕನಿಷ್ಠ 100 ಎಂಎಲ್ ಮೂಲ ದ್ರಾವಣ ಬೇಕೇಬೇಕು. 300 ಎಂಎಲ್ ಹಿಡಿಯುವ ಟ್ಯಾಂಕಿನಲ್ಲಿ (ಫಿಲ್ಮ್ ತೊಳೆಯುವ, ಬೆಳಕು ಹೋಗದ ಡಬ್ಬಿ) 1+1 ಆದರೆ 150 ಬೀಳುತ್ತದೆ, ಸರಿ. 1+3 ಅಂದರೆ 75, ಸಾಲದು.

ರಾಡಿನಾಲ್. 1891ರಿಂದ ಇದೆ. ಬಾಟಲಿ ವರ್ಷಗಟ್ಟಲೆ ಕೆಡುವುದಿಲ್ಲ, 1+50 ಬೆರೆಸಿದರೆ ಒಂದು ರೋಲಿಗೆ ಹತ್ತು ಎಂಎಲ್ ಒಳಗೆ ಮುಗಿಯುತ್ತದೆ. ತೀರಾ ಚೂಪು. ಆದರೆ ಕಣವನ್ನು ಕರಗಿಸುವುದಿಲ್ಲ, ಇದ್ದದ್ದನ್ನು ಇದ್ದಂತೆ ತೋರಿಸುತ್ತದೆ. ಪ್ಯಾನ್ ಎಫ್‌ನಂಥ ಫಿಲ್ಮಿಗೆ ಸೊಗಸು. 400ರ ಫಿಲ್ಮಿಗೆ ಹಾಕಿದರೆ ಬನ್ಸಿ ರವೆ ಗ್ಯಾರಂಟಿ. ಮಂಜಿನ ದೃಶ್ಯಕ್ಕೆ ಕೆಲವರು ಬೇಕೆಂದೇ ಹಾಗೆ ಮಾಡುತ್ತಾರೆ, ಅದು ರುಚಿಯ ವಿಷಯ.

ಎಚ್‌ಸಿ-110 ಬಾಟಲಿಯಲ್ಲಿ ಬರುವ ದ್ರವ, ಬಾಳಿಕೆ ಚೆನ್ನಾಗಿದೆ, ಕಣ ಡಿ-76ಗಿಂತ ಒಂದು ಕೂದಲಷ್ಟು ಹೆಚ್ಚು. ಅಪರೂಪಕ್ಕೆ ತೊಳೆಯುವವರಿಗೆ ಒಳ್ಳೆಯದು. ನಮ್ಮಂಥ ಊರಿನವರಿಗೆ ಇನ್ನೊಂದು ಲೆಕ್ಕ: ಎಲ್ಲವೂ ಕೊರಿಯರಿನಲ್ಲೇ ಬರಬೇಕು. ಪುಡಿ ಸೋರುವುದಿಲ್ಲ.

ಕಾಫಿಯ ಬಗ್ಗೆ ಕೇಳಿಯೇ ಕೇಳುತ್ತೀರಿ

ಚಿಕ್ಕಮಗಳೂರಿನ ನೆಂಟರ ಮನೆಗೆ ಹೋದಾಗಲೆಲ್ಲ ನನ್ನ ಹವ್ಯಾಸ ಗೊತ್ತಿರುವ ಯಾರಾದರೂ ಇದನ್ನು ಎತ್ತುತ್ತಾರೆ. ಬಾಬಾ ಬುಡನ್ ಏಳು ಬೀಜ ತಂದರು ಅನ್ನುವ ಊರಿನಲ್ಲಿ ಕಾಫಿಯಲ್ಲೇ ಫಿಲ್ಮ್ ತೊಳೆಯಬಹುದಂತೆ ಅಂದರೆ ಸುಮ್ಮನಿರುವುದು ಹೇಗೆ? ತೊಳೆಯಬಹುದು. 1995ರಲ್ಲಿ ಅಮೆರಿಕದ ರಾಚೆಸ್ಟರ್ ತಂತ್ರಜ್ಞಾನ ಸಂಸ್ಥೆಯಲ್ಲಿ ಶುರುವಾದ ಪ್ರಯೋಗ ಇದು, ಹೆಸರು ಕೆಫೆನಾಲ್. ಲೀಟರ್ ನೀರಿಗೆ ನೀರಿನಂಶವಿಲ್ಲದ ವಾಷಿಂಗ್ ಸೋಡಾ 54 ಗ್ರಾಂ, ವಿಟಮಿನ್ ಸಿ ಪುಡಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ 40 ಗ್ರಾಂ, 20 ಡಿಗ್ರಿಗೆ ಸುಮಾರು 15 ನಿಮಿಷ. ಅಂಗಡಿಯ ಸೋಡಾ ಹರಳಾಗಿದ್ದರೆ ಅದರಲ್ಲಿ ನೀರೇ ಅರ್ಧಕ್ಕಿಂತ ಹೆಚ್ಚು, 146 ಗ್ರಾಂ ಬೇಕಾಗುತ್ತದೆ. ಹೆಚ್ಚಿನವರ ಕೆಫೆನಾಲ್ ಕೆಡುವುದು ಇಲ್ಲೇ.

"ಇನ್‌ಸ್ಟಂಟ್ ಯಾಕೆ, ನಮ್ಮ ತೋಟದ ಪುಡಿಯ ಡಿಕಾಕ್ಷನ್ ಹಾಕು" ಅಂದರು ನಮ್ಮ ಅತ್ತೆ. ಡಿಕಾಕ್ಷನ್ ಒಂದು ದಿನ ಗಟ್ಟಿ, ಒಂದು ದಿನ ತೆಳು, ಚಿಕೋರಿ ಎಷ್ಟಿದೆಯೋ ಏನೋ. ಅಳತೆ ನಿಲ್ಲುವುದಿಲ್ಲ ಅಂತ ಇನ್‌ಸ್ಟಂಟ್. "ನಾವು ಕುಡಿಯದ ಕಾಫಿಗೆ ಅದೇ ಸರಿ ಬಿಡು" ಅಂತ ಒಪ್ಪಿಕೊಂಡರು. ಚಿತ್ರ ಬಂತು, ಚೆನ್ನಾಗಿಯೇ ಬಂತು. ಆದರೆ ನುಣುಪಿಗಾಗಿ ಇದರ ಕಡೆ ಬರಬೇಡಿ. ಇದರಲ್ಲಿ ಸಲ್ಫೈಟ್ ಇಲ್ಲ, ಕಂದು ಕಲೆ ಕಣವನ್ನು ಸ್ವಲ್ಪ ಮುಚ್ಚುತ್ತದೆ ಅಷ್ಟೆ, ಜೊತೆಗೆ ನೆಗೆಟಿವ್‌ಗೆಲ್ಲ ಮಬ್ಬು. ಮನೆಗೆ ಹಿಡಿದ ವಾಸನೆ ಸಂಜೆಯವರೆಗೂ ಹೋಗಲಿಲ್ಲ, ಅತ್ತೆ ಇವತ್ತಿಗೂ ಅದನ್ನು ಕಾಫಿ ಅಂತ ಕರೆಯಲು ಒಪ್ಪುವುದಿಲ್ಲ.

ನಾಲ್ಕನೆಯದು: ನೀರು ಮತ್ತು ಬಿಸಿ

ಅರಸೀಕೆರೆ ಕಡೆಯ ಬೋರ್‌ವೆಲ್ ನೀರು ಕುದಿಸಿದ ಪಾತ್ರೆಯ ತಳ ನೋಡಿದವರಿಗೆ ಗಡಸು ನೀರು ಅಂದರೇನು ಅಂತ ಹೇಳಬೇಕಿಲ್ಲ. ಡೆವಲಪರ್ ಬೆರೆಸಲು ಆ ನೀರು ಬೇಡ. ಬೈಕ್, ಕಾರಿನ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಯಾವ ಆಟೊಮೊಬೈಲ್ ಅಂಗಡಿಯಲ್ಲೂ ಸಿಗುತ್ತದೆ, ಆರ್‌ಒ ನೀರೂ ಆಗುತ್ತದೆ. ಹೈಪೊ, ಅಂದರೆ ಚಿತ್ರವನ್ನು ಸ್ಥಿರಗೊಳಿಸುವ ಫಿಕ್ಸರ್, ಆದಮೇಲಿನ ತೊಳೆತಕ್ಕೆ ನಲ್ಲಿ ನೀರು ಸಾಕು, ಕಟ್ಟಕಡೆಯ ಒಂದು ಅದ್ದಿಗೆ ಮಾತ್ರ ಮತ್ತೆ ಶುದ್ಧ ನೀರು.

ನನ್ನ ಕಥೆ ಇಲ್ಲಿಯದು. ಆಸ್ಕಾರ್ಬೇಟ್ ಡೆವಲಪರನ್ನು ಸೋಮಾರಿತನದಿಂದ ಬೋರ್ ನೀರಿನಲ್ಲಿ ಬೆರೆಸಿ, ಅರ್ಧ ಖಾಲಿ ಬಾಟಲಿಯಲ್ಲಿ ಬೇಸಿಗೆ ಪೂರ್ತಿ ಇಟ್ಟಿದ್ದೆ. ನೋಡಲು ತಿಳಿನೀರು. ಹೇಮಾವತಿ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಚರ್ಚು ಅರ್ಧ ಮುಳುಗಿದ್ದ ದಿನದ ರೋಲನ್ನು ಅದರಲ್ಲಿ ಹಾಕಿದೆ. ಟ್ಯಾಂಕು ತೆಗೆದಾಗ ಹೊರಬಂದದ್ದು ಕಿಟಕಿ ಗಾಜಿನಂಥ ಪಟ್ಟಿ. ಅಂಚಿನಲ್ಲಿರಬೇಕಾದ ಫಿಲ್ಮಿನ ಹೆಸರು, ಅಂಕಿಗಳೂ ಇರಲಿಲ್ಲ. ಇದನ್ನು ಗುರುತಿಟ್ಟುಕೊಳ್ಳಿ: ಅಂಚಿನ ಅಕ್ಷರ ಇದ್ದು ಚೌಕಟ್ಟುಗಳು ಖಾಲಿಯಿದ್ದರೆ ತಪ್ಪು ಕ್ಯಾಮೆರಾದ ಕಡೆ. ಅಕ್ಷರವೂ ಇಲ್ಲವಾದರೆ ಡೆವಲಪರ್ ಸತ್ತಿತ್ತು.

ಆಮೇಲಿನಿಂದ ಎರಡು ನಿಮಿಷದ ಒಂದು ಶಾಸ್ತ್ರ ತಪ್ಪಿಸಿಲ್ಲ. ರೋಲಿನ ಮೂತಿಯಲ್ಲಿ ಹೇಗೂ ಬೆಳಕು ಕಂಡು ಹಾಳಾದ ನಾಲಿಗೆಯಷ್ಟು ಫಿಲ್ಮ್ ಇರುತ್ತದೆ. ಅದರ ಒಂದು ತುಂಡನ್ನು ಬೆಳಕಿನಲ್ಲೇ ಡೆವಲಪರಿಗೆ ಅದ್ದಿ. ಕೆಲ ನಿಮಿಷದಲ್ಲಿ ಇದ್ದಿಲಿನಂತೆ ಕಪ್ಪಾದರೆ ಮುಂದುವರಿಯಿರಿ. ಬೂದುಬೂದಾಗಿ ನಿಂತರೆ ಚೆಲ್ಲಿ.

ಬಿಸಿಯ ಲೆಕ್ಕ ಹೀಗೆ. ಡಬ್ಬಿಯ ಸಮಯಗಳೆಲ್ಲ 20 ಡಿಗ್ರಿಗೆ. ಏಪ್ರಿಲ್ ಮಧ್ಯಾಹ್ನ ನಮ್ಮ ತಾರಸಿಯ ಟ್ಯಾಂಕಿನ ನೀರು 27 ಇರುತ್ತದೆ, ಜನವರಿ ಬೆಳಿಗ್ಗೆ ಚಿಕ್ಕಮಗಳೂರಿನ ನೆಂಟರ ನಲ್ಲಿಯಲ್ಲಿ 17. ಒಂದು ಡಿಗ್ರಿ ಏರಿದರೆ ಸಮಯ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಇಳಿಯುತ್ತದೆ. ಎಫ್‌ಪಿ4 ಪ್ಲಸ್ 1+1ರಲ್ಲಿ 20 ಡಿಗ್ರಿಗೆ 11 ನಿಮಿಷವಾದರೆ 24ಕ್ಕೆ ಏಳೂವರೆ, 26ಕ್ಕೆ ಆರು ಚಿಲ್ಲರೆ. ಅದೇ ನೀರು ಬೆರೆಸದೆ 8.5 ನಿಮಿಷದ್ದು 26ಕ್ಕೆ ಐದರ ಒಳಗೆ ಇಳಿಯುತ್ತದೆ. ಐದು ನಿಮಿಷಕ್ಕಿಂತ ಕಮ್ಮಿಯಾದರೆ ಡೆವಲಪರ್ ಸುರಿಯುವ, ಬಸಿಯುವ ಹೊತ್ತೇ ಲೆಕ್ಕಕ್ಕೆ ಬಂದು ಆಕಾಶದಲ್ಲಿ ಪಟ್ಟೆ ಬೀಳುತ್ತದೆ. ನಮ್ಮ ಬೇಸಿಗೆಗೆ 1+1 ಸರಿ ಅನ್ನಲು ಇದೂ ಒಂದು ಕಾರಣ. ಇನ್ನೂ ಒಳ್ಳೆಯದು ಅಗಲವಾದ ಟಬ್ಬಿನಲ್ಲಿ ನೀರು ತುಂಬಿ, ಫ್ರಿಜ್ಜಿನ ಐಸ್ ನಾಲ್ಕು ತುಂಡು ಹಾಕಿ, ಡೆವಲಪರ್, ಹೈಪೊ, ತೊಳೆಯುವ ನೀರು ಮೂರನ್ನೂ ಅದರಲ್ಲಿ ಅರ್ಧ ಗಂಟೆ ಕೂರಿಸುವುದು. ಒಂದು 20, ಇನ್ನೊಂದು 28 ಆಗುವುದು ಬೇಡ. ಎರಡು ಮೂರು ಡಿಗ್ರಿಯ ಒಳಗೇ ಎಲ್ಲ ಇರಲಿ.

ಐದನೆಯದು: ನಿಮ್ಮದೇ ಪರೀಕ್ಷೆ

ಒಂದು ರೋಲನ್ನು ಇದಕ್ಕೆಂದೇ ತೆಗೆದಿಡಿ. ಹಗ್ಗದ ಮೇಲೆ ಒಂದು ಕರಿ ಕಂಬಳಿ, ಪಕ್ಕದಲ್ಲಿ ಒಂದು ಬಿಳಿ ಟರ್ಕಿ ಟವೆಲ್, ಹಿಂದೆ ಒಂದಿಷ್ಟು ಆಕಾಶ. ಎಫ್‌ಪಿ4 ಆದರೆ ಮೀಟರನ್ನು 125, 80, 64 ಅಂತ ಬದಲಿಸುತ್ತಾ ಇದೇ ಮೂರನ್ನು ರೋಲು ಮುಗಿಯುವವರೆಗೆ ತೆಗೆಯಿರಿ. ಕತ್ತಲಲ್ಲಿ ಅಂದಾಜಿನಲ್ಲಿ ಮೂರು ತುಂಡು ಮಾಡಿ. ಒಂದನ್ನು ಡಬ್ಬಿ ಹೇಳಿದ ಸಮಯಕ್ಕೆ, ಒಂದನ್ನು ಶೇಕಡಾ 15 ಕಮ್ಮಿ, ಒಂದನ್ನು ಶೇಕಡಾ 15 ಹೆಚ್ಚು ತೊಳೆಯಿರಿ. ಕತ್ತರಿ ಬಿದ್ದಲ್ಲಿ ಒಂದೆರಡು ಚೌಕಟ್ಟು ಹೋಗುತ್ತವೆ, ಹೋಗಲಿ.

ಪ್ರಿಂಟಿನಲ್ಲಿ ಕಂಬಳಿಯ ನೇಯ್ಗೆ ಕಾಣದಿದ್ದರೆ ಬೆಳಕು ಸಾಲದು. ಟವೆಲ್ಲಿನ ಕುಣಿಕೆಗಳು ಸುಣ್ಣ ಬಳಿದಂತೆ ಮುಚ್ಚಿಹೋಗಿದ್ದರೆ ತೊಳೆದದ್ದು ಹೆಚ್ಚಾಯಿತು. ಎರಡೂ ಕಾಣುವ ಜೋಡಿಗಳಲ್ಲಿ ಎಲ್ಲಕ್ಕಿಂತ ತೆಳ್ಳಗಿರುವ ನೆಗೆಟಿವ್ ಆರಿಸಿ. ಕಣ ಅತ್ಯಂತ ಕಮ್ಮಿ ಇರುವುದು ಅದರಲ್ಲೇ. ಬಿಸಿಲಿನ ಗುಡಿಗೋಡೆಗೆ ನನಗೆ ಸಿಕ್ಕ ಉತ್ತರ 80ರ ಮೀಟರ್, ಸಮಯ ಶೇಕಡಾ 15 ಕಮ್ಮಿ. ನಿಮ್ಮ ಮೀಟರ್, ನಿಮ್ಮ ಥರ್ಮಾಮೀಟರ್ ಬೇರೆ, ಉತ್ತರವೂ ಬೇರೆ ಇರಬಹುದು.

ಪ್ರಿಂಟ್ ಮಾಡದೆ ಸ್ಕ್ಯಾನ್ ಮಾಡುವವರು ಮೊದಲು ಸ್ಕ್ಯಾನರಿನ ಶಾರ್ಪನಿಂಗ್ ಆಫ್ ಮಾಡಿ. ಡೆವಲಪರನ್ನು ಬೈಯುವ ಅರ್ಧ ಜನ ನೋಡುತ್ತಿರುವುದು ಸಾಫ್ಟ್‌ವೇರ್ ಹೆಕ್ಕಿ ಎತ್ತಿಟ್ಟ ಕಣವನ್ನು.

ತೊಳೆಯುವ ದಿನ

35 ಎಂಎಂ ಒಂದು ರೋಲಿಗೆ ಎಷ್ಟು ದ್ರಾವಣ ಬೇಕು ಅಂತ ಬಹುತೇಕ ಟ್ಯಾಂಕುಗಳ ತಳದಲ್ಲೇ ಅಚ್ಚಾಗಿರುತ್ತದೆ. ನನ್ನದಕ್ಕೆ 290 ಎಂಎಲ್, ಆದ್ದರಿಂದ ಡಿ-76 150, ನೀರು 150. ಸುರಿದ ತಕ್ಷಣ ಮೊದಲ ಹತ್ತು ಸೆಕೆಂಡಿನಲ್ಲಿ ನಾಲ್ಕು ಸಲ ಬೋರಲು ಹಾಕಿ ಎತ್ತಿ, ಗುಳ್ಳೆ ಏಳಲು ತಳವನ್ನು ಒಮ್ಮೆ ಕುಟ್ಟಿ. ಆಮೇಲೆ ಪ್ರತಿ ನಿಮಿಷಕ್ಕೆ ನಾಲ್ಕು ಸಲ. ಮಜ್ಜಿಗೆ ಕಡೆಯುವ ಹಾಗೆ ಅಲುಗಿಸಿದರೆ ಕಾಂಟ್ರಾಸ್ಟೂ ಕಣವೂ ಏರುತ್ತವೆ. ಮುಖ್ಯ ಮಾತು, ಇವತ್ತು ಹೇಗೆ ಅಲುಗಿಸಿದಿರೋ ಮುಂದಿನ ಸಲವೂ ಹಾಗೇ.

ಸಮಯ ಮುಗಿಯಲು ಹತ್ತು ಸೆಕೆಂಡ್ ಇರುವಾಗಲೇ ಬಸಿಯಲು ಶುರುಮಾಡಿ, ಡೆವಲಪರಿನ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್ ಅರ್ಧ ನಿಮಿಷ, ನಂತರ ಹೈಪೊ. ಹೈಪೊ ಎಷ್ಟು ಹೊತ್ತು ಅನ್ನುವುದಕ್ಕೂ ಆ ನಾಲಿಗೆಯ ತುಂಡೇ ಮಾನದಂಡ: ಡೆವಲಪರಿಗೆ ಹಾಕದ ತುಂಡೊಂದು ಹೈಪೊದಲ್ಲಿ ತಿಳಿಯಾಗಲು ಎಷ್ಟು ಹೊತ್ತು ತಗೊಂಡಿತೋ ಅದರ ಎರಡರಷ್ಟು. ಟಿ-ಮ್ಯಾಕ್ಸ್, ಡೆಲ್ಟಾಗಳಿಗೆ ಸ್ವಲ್ಪ ಹೆಚ್ಚು ಬೇಕು, ನೆಗೆಟಿವ್ ಗುಲಾಬಿಯಾಗಿ ಉಳಿದರೆ ಹೈಪೊ ಸಾಲಲಿಲ್ಲ ಅಂತ ಅನುಮಾನಿಸಿ. ತೊಳೆಯಲು ನಲ್ಲಿ ಗಂಟೆಗಟ್ಟಲೆ ಬಿಡಬೇಕಿಲ್ಲ. ಟ್ಯಾಂಕು ತುಂಬಿಸಿ 5 ಸಲ ಬೋರಲು, ಚೆಲ್ಲಿ. ಮತ್ತೆ ತುಂಬಿಸಿ 10 ಸಲ, ಚೆಲ್ಲಿ. ಮತ್ತೆ 20 ಸಲ. ರ‍್ಯಾಪಿಡ್ ಫಿಕ್ಸರಿಗೆ ಇಷ್ಟು ಸಾಕು. ಬಳಸಿ ಮುಗಿದ ಹೈಪೊದಲ್ಲಿ ಬೆಳ್ಳಿ ಇರುತ್ತದೆ. ಅದನ್ನು ತೋಟದ ಗಿಡದ ಬುಡಕ್ಕಾಗಲಿ ಕೆರೆ ಸೇರುವ ಚರಂಡಿಗಾಗಲಿ ಸುರಿಯಬೇಡಿ, ಕ್ಯಾನಿನಲ್ಲಿ ಕೂಡಿಡಿ.

ಒಣಗಿಸುವ ಜಾಗ ಬಚ್ಚಲುಮನೆಯೇ. ಮೊದಲು ಎರಡು ಚೊಂಬು ಬಿಸಿನೀರು ಗೋಡೆಗೆ ಎರಚಿ, ಹಬೆಗೆ ಧೂಳು ಕೆಳಗಿಳಿಯುತ್ತದೆ. ಆಮೇಲೆ ರೋಲನ್ನು ಕ್ಲಿಪ್ಪಿಗೆ ನೇತುಹಾಕಿ, ಕೆಳತುದಿಗೂ ಒಂದು ಕ್ಲಿಪ್ ತೂಗಿಬಿಟ್ಟು ಬಾಗಿಲು ಹಾಕಿಕೊಳ್ಳಿ. ಫ್ಯಾನ್ ಹಾಕಬೇಡಿ. ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಜುಲೈನಲ್ಲಿ ಒಂದು ರಾತ್ರಿ ಸಾಲುವುದಿಲ್ಲ. ಮುಟ್ಟಿದರೆ ಒಣಗಿದ ಹಾಗಿದ್ದರೂ ಮಾರನೇ ದಿನ ಮಧ್ಯಾಹ್ನದವರೆಗೆ ಬಿಡಿ. ಕತ್ತರಿಸಿ ನೆಗೆಟಿವ್ ಇಡುವ ಲಕೋಟೆಗಳಿಗೆ ಸೇರಿಸಿದ ಮೇಲೆ ಸಿಲಿಕಾ ಜೆಲ್ ಹಾಕಿದ, ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿಡಿ. ಮಳೆಗಾಲ ಪೂರ್ತಿ ತಿಂಗಳಿಗೊಮ್ಮೆ ಜೆಲ್ಲನ್ನು ಬಾಣಲೆಯಲ್ಲಿ ಬಿಸಿಮಾಡಿ ಒಣಗಿಸುತ್ತಿರಬೇಕು, ಇಲ್ಲವಾದರೆ ಆಕಾಶದಲ್ಲಿ ಹುಡುಕಿದ ಕಣದ ಜಾಗದಲ್ಲಿ ಬೂಷ್ಟು ಸಿಗುತ್ತದೆ.